ಹುಡುಕುವವರಿಗೆ ಹೆಸರಿರುತ್ತದೆ

ತಂಗೀ,

ಪುಣೆಯ ಬಾಣೇರಿನಲ್ಲೇ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಕಳೆಯುವುದು ತಪ್ಪಿತು. ಆದರೆ ಮೊನ್ನೆ ಊಟಕ್ಕೆ ಬಂದಾಗ ನಿನ್ನ ಕೆಲಸದ ವಿವರ ಹೇಳಿದೆಯಲ್ಲ, ಪರದೇಶದ ಒಂದು ‘ಹಳೆಯ ಗೆಳೆಯರನ್ನು ಕೂಡಿಸುವ’ ವೆಬ್‌ಸೈಟಿಗೆ ಮೇಲ್ ಬರೆದುಕೊಡುವ ಕೆಲಸ ಅಂತ, ಆವತ್ತಿನಿಂದ ನಿನಗೆ ಎರಡು ಮಾತು ಹೇಳಬೇಕು ಅನಿಸುತ್ತಲೇ ಇದೆ. ಫೋನಿನಲ್ಲಿ ಹೇಳಿದರೆ ‘ಹೂಂ ಅಜ್ಜಾ’ ಅಂದು ಮುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಬೈದುಕೊಳ್ಳಬೇಡ.

ಹತ್ತಾರು ಸಬ್ಜೆಕ್ಟ್ ಲೈನ್ ಬರೆದು ಪರೀಕ್ಷೆ ಮಾಡಿದರೆ ಎಲ್ಲಕ್ಕಿಂತ ಹೆಚ್ಚು ಜನ ತೆರೆಯುವುದು ‘ನಿಮ್ಮ ಹಳೆಯ ಸಹಪಾಠಿಯೊಬ್ಬರು ನಿಮ್ಮನ್ನು ಹುಡುಕುತ್ತಿದ್ದಾರೆ’ ಎಂಬ ಸಾಲನ್ನೇ ಅಂತ ನೀನು ನಗುತ್ತ ಹೇಳಿದೆ. ಯಾರು ಹುಡುಕುತ್ತಿದ್ದಾರೆ ಅಂತ ನಾನು ಕೇಳಿದೆ. ‘ಯಾರೋ ಒಬ್ಬರು ಇದ್ದೇ ಇರ್ತಾರೆ ಬಿಡಜ್ಜಾ’ ಅಂದೆ. ನಿನ್ನ ಅಜ್ಜಿ ಅಷ್ಟರಲ್ಲಿ ಹೋಳಿಗೆ ತಂದು ಬಡಿಸಿದಳು, ಮಾತು ತಪ್ಪಿಹೋಯಿತು. ಆ ‘ಯಾರೋ ಒಬ್ಬರು’ ಮಾತ್ರ ನನ್ನ ತಲೆಯಿಂದ ಹೋಗಿಲ್ಲ.

ನಾನು ಅಂಚೆ ಇಲಾಖೆಯಲ್ಲಿ ಸವೆದವನು. ರೈಲಿನ ಡಬ್ಬಿಯಲ್ಲಿ ರಾತ್ರಿಯೆಲ್ಲ ನಿಂತು ಸೊಲ್ಲಾಪುರ, ಹೋಟಗಿ, ವಿಜಾಪುರ ಅಂತ ಗೂಡುಗಳಿಗೆ ಪತ್ರ ಎಸೆದವನು. ಹಾಗಾಗಿ ನಿನ್ನ ಕಂಪನಿಯ ಮೇಲ್ ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ಬೇರಿಂಗ್ ಪತ್ರ. ನಿಮ್ಮ ತಲೆಮಾರಿಗೆ ಅದು ಗೊತ್ತಿರಲಿಕ್ಕಿಲ್ಲ. ಸ್ಟ್ಯಾಂಪು ಹಚ್ಚದೆ ಡಬ್ಬಿಗೆ ಹಾಕಿದ ಪತ್ರ ಅದು. ಪೋಸ್ಟ್‌ಮನ್ ಮನೆ ಬಾಗಿಲಿಗೆ ತಂದು, ಕಡಿಮೆ ಬಿದ್ದ ಹಣದ ಎರಡರಷ್ಟನ್ನು ಪಡೆಯುವವರಿಂದ ವಸೂಲಿ ಮಾಡಬೇಕು. ಬೇಡವೆಂದರೆ ಪತ್ರ ವಾಪಸು ಹೋಗಿ, ಬರೆದವನ ಕೊರಳಿಗೇ ಬೀಳುತ್ತದೆ. ನಮ್ಮ ದೇಶದಲ್ಲಿ 1854ರ ಅಕ್ಟೋಬರ್ 1ಕ್ಕೆ ಎಲ್ಲ ಕಡೆಗೂ ಒಂದೇ ದರ ಬಂತು. ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ, ಎಷ್ಟು ದೂರವಾದರೂ ಸರಿ. ಅದಕ್ಕಿಂತ ಮೊದಲು ದೂರ ನೋಡಿ ದರ, ಮತ್ತು ಬಹಳ ಸಲ ಹಣ ಕೊಡುವವನು ಪತ್ರ ಪಡೆಯುವವನೇ.

ಬೇರಿಂಗ್ ಪತ್ರ ಬಂದಾಗ ಮನೆಯವರು ಮೊದಲು ಮಾಡುತ್ತಿದ್ದದ್ದೇನು ಹೇಳು? ಲಕೋಟೆಯನ್ನು ತಿರುಗಿಸಿ ನೋಡುವುದು. ಯಾರ ಕೈಬರಹ, ಯಾವ ಊರಿನ ಮುದ್ರೆ, ಹಿಂಬದಿಗೆ ಹೆಸರಿದೆಯೋ ಇಲ್ಲವೋ. ಇದು ತಮ್ಮನದೇ ಅಂತ ಖಾತ್ರಿಯಾದರೆ ಹಣ ಕೊಡುತ್ತಿದ್ದರು. ಇಲ್ಲವಾದರೆ ‘ಬ್ಯಾಡ ಒಯ್ಯಪ್ಪಾ’ ಅನ್ನುತ್ತಿದ್ದರು. ಹಣ ಕೊಡುವ ಮೊದಲು ಲಕೋಟೆ ನೋಡುವ ಹಕ್ಕು ಬಡವನಿಗೂ ಇತ್ತು. ನಿನ್ನ ಕಂಪನಿ ಕಳಿಸುವುದು ಕೂಡ ಬೇರಿಂಗ್ ಪತ್ರವೇ, ಆದರೆ ಲಕೋಟೆಯ ಮೇಲಿನ ಹೆಸರಿಗೆ ಮಸಿ ಬಳಿದು. ಒಳಗೆ ಪತ್ರ ಇದೆಯೋ ಬರೀ ಖಾಲಿ ಹಾಳೆ ಇದೆಯೋ, ಅದು ತಿಳಿಯುವುದು ಕಾರ್ಡಿನ ನಂಬರ್ ಕೊಟ್ಟ ಮೇಲೆ.

ಇದು ಇವತ್ತು ನಿನ್ನೆಯ ಆಟವಲ್ಲ. 1995ರಲ್ಲಿ ಬೋಯಿಂಗ್ ವಿಮಾನ ಕಂಪನಿಯ ರಾಂಡಿ ಕಾನ್ರಾಡ್ಸ್ ಎಂಬವನು ಸಿಯಾಟಲ್ ಕಡೆ ‘ಕ್ಲಾಸ್‌ಮೇಟ್ಸ್ ಡಾಟ್ ಕಾಮ್’ ಶುರುಮಾಡಿದ. ಶಾಲೆಯ ಹೆಸರು, ಪಾಸಾದ ವರ್ಷ ಹಾಕಿದರೆ ಜೊತೆಗೆ ಓದಿದವರ ಪಟ್ಟಿ ಸಿಗುತ್ತದೆ. ಒಳ್ಳೆಯ ಕಲ್ಪನೆ, ತಪ್ಪು ಹುಡುಕುವುದಕ್ಕೆ ಏನಿಲ್ಲ. ಪಟ್ಟಿ ನೋಡುವುದು ಪುಕ್ಕಟೆ, ಪಟ್ಟಿಯಲ್ಲಿದ್ದವರ ಜೊತೆ ಮಾತಾಡುವುದಕ್ಕೆ ಹಣ. ಅಲ್ಲಿಗೂ ಸರಿಯೇ, ಅಂಗಡಿ ಅಂದಮೇಲೆ ಗಲ್ಲಾ ಇರಬೇಕು. ತಕರಾರು ಬಂದದ್ದು ಗಿರಾಕಿಯನ್ನು ಗಲ್ಲಾದ ಹತ್ತಿರ ಕರೆದುಕೊಂಡು ಬರುವ ರೀತಿಯಲ್ಲಿ. 2007ರ ಕ್ರಿಸ್‌ಮಸ್ ಹೊತ್ತಿಗೆ ಸ್ಯಾನ್ ಡಿಯೆಗೊದ ಒಬ್ಬ ಮನುಷ್ಯನಿಗೆ, ನಿನ್ನ ಹಳೆಯ ಸಹಪಾಠಿ ನಿನ್ನನ್ನು ಸಂಪರ್ಕಿಸಲು ನೋಡುತ್ತಿದ್ದಾನೆ ಎಂಬರ್ಥದ ಮೇಲ್ ಬಂತು. ಅವನು ಹಣ ಕಟ್ಟಿ ಒಳಗೆ ಹೋದ. ನೋಡಿದರೆ ಅವನ ಪರಿಚಯದ ಒಂದು ಮುಖವೂ ಇಲ್ಲ. ಅವನು ಸುಮ್ಮನೆ ಕೂಡುವ ಪೈಕಿಯಲ್ಲ, 2008ರಲ್ಲಿ ಕೋರ್ಟಿಗೆ ಹೋದ, ಅವನಂಥ ಎಲ್ಲರ ಪರವಾಗಿ. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ 2010ರಲ್ಲಿ 95 ಲಕ್ಷ ಡಾಲರ್‌ವರೆಗಿನ ರಾಜಿಯನ್ನು ಮುಂದಿಟ್ಟಿತು. ಮೇಲ್ ನಂಬಿ ಹಣ ಕಟ್ಟಿದವನಿಗೆ ಅದರಲ್ಲಿ ತಲಾ 3 ಡಾಲರ್. ನಮ್ಮ ಫರ್ಗ್ಯುಸನ್ ರಸ್ತೆಯ ವೈಶಾಲಿಯಲ್ಲಿ ಒಂದು ದೋಸೆ, ಒಂದು ಕಾಫಿ ಆಗುವಷ್ಟು ದುಡ್ಡು.

ನೀನು ಕೇಳಬಹುದು: ಮೇಲ್‌ನಲ್ಲಿ ಹೇಳಿದ್ದು ಅಕ್ಷರಶಃ ಸುಳ್ಳಲ್ಲವಲ್ಲ ಅಜ್ಜಾ, ಯಾರೋ ಪುಟ ನೋಡಿರುತ್ತಾರೆ. ಇದೇ ನೋಡು ಈ ಧಂದೆಯ ಜಾಣತನ. ಒಬ್ಬ ಅಪರಿಚಿತ ಬೇರೆ ಯಾರನ್ನೋ ಹುಡುಕುವಾಗ ಬೆರಳು ತಾಗಿ ನನ್ನ ಪುಟ ತೆರೆದರೂ ಅದು ‘ಭೇಟಿ’. ಕಂಪ್ಯೂಟರಿನ ಲೆಕ್ಕದಲ್ಲಿ ಭೇಟಿ ಅಂದರೆ ಭೇಟಿ. ಆದರೆ ಮೇಲ್ ಓದುವವಳು ಅರವತ್ತರ ಹೆಂಗಸು ಅಂತಿಟ್ಟುಕೋ. ಅವಳ ಮನಸ್ಸಿನಲ್ಲಿ ಏಳುವುದು ಕಂಪ್ಯೂಟರಿನ ಲೆಕ್ಕವಲ್ಲ. ಹತ್ತನೇ ಇಯತ್ತೆಯಲ್ಲಿ ಪಕ್ಕದಲ್ಲಿ ಕೂತು, ಮದುವೆಯಾಗಿ ಗುಲ್ಬರ್ಗಾ ಕಡೆ ಹೋಗಿ, ಮತ್ತೆ ಸುದ್ದಿಯೇ ಇಲ್ಲದ ಗೆಳತಿಯ ಮುಖ. ಆ ಮುಖವನ್ನು ಅವಳೇ ತಂದುಕೊಳ್ಳುತ್ತಾಳೆ, ಕಂಪನಿ ತರಬೇಕಾಗಿಯೇ ಇಲ್ಲ. ಖಾಲಿ ಜಾಗ ಬಿಟ್ಟರೆ ಸಾಕು. ನಿನ್ನ ಪರೀಕ್ಷೆಯಲ್ಲಿ ಆ ಸಾಲು ಗೆದ್ದದ್ದು ನಿನ್ನ ಬರವಣಿಗೆ ಚೆನ್ನಾಗಿದೆ ಅಂತಲ್ಲ, ತಪ್ಪು ತಿಳಿಯಬೇಡ. ಓದುವವರ ಹಂಬಲ ಗಟ್ಟಿಯಾಗಿದೆ ಅಂತ.

ನಮ್ಮ ಸೊಸೈಟಿಯಲ್ಲಿ ಒಬ್ಬರು ಬಾಯಿ ಇದ್ದಾರೆ, ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಗ ದೂರದ ದೇಶದಲ್ಲಿ. ಅವರಿಗೆ ಇಂಥದೇ ಒಂದು ಮೇಲ್ ಬಂತು, ಯಾವ ಸೈಟು ಎಂಬುದು ಇಲ್ಲಿ ಬೇಡ. ಒಂದು ಮಸುಕಾದ ಫೋಟೊ, ಕೆಳಗೆ ‘ಯಾರೆಂದು ನೋಡಿ’ ಎಂಬ ಗುಂಡಿ. ತಮ್ಮ ಹಳೆಯ ಗೆಳತಿಯೇ ಇರಬೇಕು ಅಂತ ಬಾಯಿ ಹಣ ಕಟ್ಟಿದರು. ಒಳಗಿದ್ದದ್ದು ಬೇರೆ ರಾಜ್ಯದ ಒಬ್ಬ ಹುಡುಗ, ಅವರ ವಯಸ್ಸಿನ ಅರ್ಧ ಕೂಡ ಇಲ್ಲ. ಬಾಯಿಗೆ ಬೇಜಾರಾದದ್ದು ಹಣ ಹೋಯಿತೆಂದಲ್ಲ. ‘ಮಾಸ್ತರಿಣಿಯಾಗಿ ಇಷ್ಟು ವರ್ಷ ಹುಡುಗರ ಸುಳ್ಳು ಹಿಡಿದವಳು ನಾನು, ನನಗೇ ನಾಚಿಕೆಯಾಯ್ತು ನೋಡ್ರಿ’ ಅಂದರು. ಅದಕ್ಕೇ ಮಗನಿಗೂ ಹೇಳಲಿಲ್ಲ. ಈ ವ್ಯವಹಾರ ಬಾಳುವುದೇ ಆ ನಾಚಿಕೆಯ ಮೇಲೆ. ಕಳ್ಳ ಜೇಬು ಕತ್ತರಿಸಿದರೆ ಮನುಷ್ಯ ಕೂಗುತ್ತಾನೆ. ಗೆಳತಿಯ ಆಸೆಗೆ ಮೋಸ ಹೋದವರು ಬಾಯಿ ಬಿಡುವುದಿಲ್ಲ.

ಹಳೆಯ ಗೆಳೆತನಕ್ಕಿಂತ ಹೊಸ ಪ್ರೀತಿಯ ಸೈಟುಗಳಲ್ಲಿ ಈ ವಿದ್ಯೆ ಇನ್ನೂ ಬಲಿತಿತ್ತು. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮ್ಯಾಚ್ ಡಾಟ್ ಕಾಮ್ ನಡೆಸುವ ಕಂಪನಿಯ ಮೇಲೆ ದಾವೆ ಹೂಡಿತು. ಆರೋಪ ಏನು ಗೊತ್ತೇ? ಮೋಸಗಾರರದಿರಬಹುದು ಅಂತ ಕಂಪನಿಯೇ ಗುರುತು ಹಾಕಿಟ್ಟ ಖಾತೆಗಳಿಂದ ಬಂದ ಸಂದೇಶಗಳನ್ನು ತೋರಿಸಿ, ‘ನಿಮ್ಮ ಮೇಲೆ ಯಾರಿಗೋ ಮನಸ್ಸಾಗಿದೆ’ ಅಂತ ಪುಕ್ಕಟೆ ಸದಸ್ಯರಿಗೆ ಮೇಲ್ ಕಳಿಸಿ, ಓದಬೇಕಾದರೆ ಹಣ ಕಟ್ಟಿ ಅಂದರು ಅಂತ. ಹಣ ಕಟ್ಟಿದ ಸದಸ್ಯರಿಗೆ ಅದೇ ಖಾತೆಗಳ ಸಂದೇಶವನ್ನು ತಡೆಹಿಡಿಯುತ್ತಿದ್ದರಂತೆ. ಅಂಥ ಮೇಲ್ ಬಂದ 24 ಗಂಟೆಯೊಳಗೆ 2016ರ ಜೂನ್‌ನಿಂದ 2018ರ ಮೇವರೆಗೆ 4,99,691 ಜನ ಚಂದಾ ಕಟ್ಟಿದರು ಎಂಬ ಲೆಕ್ಕ ಆ ದಾವೆಯಲ್ಲೇ ಇದೆ. 2022ರಲ್ಲಿ ಕೋರ್ಟು ಈ ಭಾಗದ ಆರೋಪವನ್ನು ಕೈಬಿಟ್ಟಿತು. ಬೇರೆಯವರು ಬರೆದದ್ದಕ್ಕೆ ವೆಬ್‌ಸೈಟು ಹೊಣೆಯಲ್ಲ ಎನ್ನುವ ಅವರ ದೇಶದ ಕಾನೂನು ಅಡ್ಡ ಬಂತು. ಉಳಿದ ಆರೋಪಗಳಿಗೆ 2025ರಲ್ಲಿ 1 ಕೋಟಿ 40 ಲಕ್ಷ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ಕಾನೂನಿನ ಕೈಗೆ ಸಿಗಲಿಲ್ಲ ಅಂದಮಾತ್ರಕ್ಕೆ ಐದು ಲಕ್ಷ ಜನರ ಆ 24 ಗಂಟೆ ಇಲ್ಲವಾಗುವುದಿಲ್ಲ. ಅಷ್ಟು ಜನ ಒಂದು ಹಗಲು ಒಂದು ರಾತ್ರಿಯೊಳಗೆ ಕಾರ್ಡು ತೆಗೆದರು ಅಂದರೆ ಎಂಥ ಒಂಟಿತನವಿರಬೇಕು!

ಇನ್ನೊಂದು ಜಾತಿಯಿದೆ. ಇದರಲ್ಲಿ ಹೆಸರು ಇರುತ್ತದೆ, ನಿನಗೆ ಗೊತ್ತಿದ್ದವರ ಹೆಸರೇ. ಆದರೆ ಬರೆದವರು ಅವರಲ್ಲ. 2009ರಲ್ಲಿ ಟ್ಯಾಗ್ಡ್ ಎಂಬ ಸೈಟು ಈ ಕೆಲಸ ಮಾಡಿ ಸಿಕ್ಕಿಬಿತ್ತು. ಸೇರಿದವರ ಮೇಲ್‌ನ ವಿಳಾಸಪಟ್ಟಿಯನ್ನು ತೆಗೆದುಕೊಂಡು, ಅದರಲ್ಲಿದ್ದವರಿಗೆಲ್ಲ ‘ನಿನ್ನ ಗೆಳೆಯ ನಿನಗೆ ಫೋಟೊ ಕಳಿಸಿದ್ದಾನೆ’ ಅಂತ ಅವನ ಹೆಸರಿನಲ್ಲೇ ಮೇಲ್. ಫೋಟೊ ಗೀಟೊ ಏನೂ ಇಲ್ಲ. ನೋಡಲು ಹೋದವರು ತಾವೂ ಸೇರಬೇಕು, ಸೇರಿದರೆ ಅವರ ಪಟ್ಟಿಯೂ ಹೋಯಿತು. ಕೆಲವೇ ತಿಂಗಳಲ್ಲಿ ಇಂಥ 6 ಕೋಟಿ ಮೇಲ್ ಹೋದವು ಅಂತ ನ್ಯೂಯಾರ್ಕಿನ ಅಟಾರ್ನಿ ಜನರಲ್ ಆಂಡ್ರೂ ಕುವೋಮೊ ಹೇಳಿದರು. ನ್ಯೂಯಾರ್ಕ್, ಟೆಕ್ಸಾಸ್ ಎರಡೂ ರಾಜ್ಯಗಳಿಗೆ ಸೇರಿ ಕಂಪನಿ ಏಳೂವರೆ ಲಕ್ಷ ಡಾಲರ್ ಕೊಟ್ಟಿತು. ಲಿಂಕ್ಡ್‌ಇನ್‌ನಂಥ ಮರ್ಯಾದಸ್ಥರ ಮನೆಯೂ ಇದಕ್ಕೆ ಹೊರತಾಗಲಿಲ್ಲ. ಪರಿಚಿತರಿಗೆ ತಮ್ಮ ಹೆಸರಿನಲ್ಲಿ ಹೋಗುವ ಮೊದಲ ಆಹ್ವಾನಕ್ಕೆ ಸದಸ್ಯರು ಒಪ್ಪಿದ್ದರು. ಉತ್ತರ ಬರದಿದ್ದರೆ ಮತ್ತೆ ಎರಡು ಸಲ ಅವರ ಹೆಸರಿನಲ್ಲೇ ನೆನಪೋಲೆ ಹೋಗುತ್ತದೆ ಎಂಬುದಕ್ಕೆ ಒಪ್ಪಿರಲಿಲ್ಲ. ಆ ಎರಡು ನೆನಪೋಲೆಗಳ ಕೇಸು 2015ರಲ್ಲಿ 1 ಕೋಟಿ 30 ಲಕ್ಷ ಡಾಲರಿಗೆ ರಾಜಿಯಾಯಿತು. ನಿನ್ನ ಹೆಸರಿನಲ್ಲಿ ಇನ್ನೊಬ್ಬರ ಬಾಗಿಲು ಮತ್ತೆ ಮತ್ತೆ ಬಡಿದರೆ ಹೋಗುವುದು ನಿನ್ನ ಮಾನ, ಬಡಿದವರದಲ್ಲ.

ಪುಣೆಯಲ್ಲಿದ್ದುಕೊಂಡು ಆರ್ಕುಟ್ ಹೆಸರೆತ್ತದಿದ್ದರೆ ಹೇಗೆ! 2004ರಲ್ಲಿ ಗೂಗಲ್ ಶುರುಮಾಡಿ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿದ ಸೈಟು. ನಿನ್ನ ಅಪ್ಪನ ವಯಸ್ಸಿನವರು ಕಾಲೇಜು ಗೆಳೆಯರನ್ನು ಮತ್ತೆ ಕಂಡುಕೊಂಡದ್ದು ಬಹುಪಾಲು ಅಲ್ಲೇ, ಮತ್ತು ಪುಕ್ಕಟೆಯಾಗಿ. ಅದಕ್ಕೂ ಈ ಊರಿನಲ್ಲಿ ಒಂದು ಕಹಿ ನೆನಪಿದೆ. ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಹೇಳನ ಮಾಡಿದ್ದರೆಂದು 2006ರ ಕೊನೆಗೆ ಇಲ್ಲಿ ದೊಡ್ಡ ಗಲಾಟೆಯಾಯಿತು. ಮಾಡಿದವರಾರು ಅಂತ ಹುಡುಕುತ್ತ ಹೋದ ಪೊಲೀಸರು 2007ರಲ್ಲಿ ಬೆಂಗಳೂರಿನ ಒಬ್ಬ ಐಟಿ ಹುಡುಗನನ್ನು ಹಿಡಿದು ತಂದರು. ಇಂಟರ್ನೆಟ್ ಕಂಪನಿ ಕೊಟ್ಟ ಮಾಹಿತಿಯೇ ತಪ್ಪು, ಅವರು ಹೇಳಿದ ಐಪಿ ವಿಳಾಸ ಅವನದಾಗಿರಲೇ ಇಲ್ಲ. ಅಷ್ಟು ಗೊತ್ತಾಗುವ ಹೊತ್ತಿಗೆ ಅವನು ಯೆರವಡಾ ಜೈಲಿನಲ್ಲಿ 50 ದಿನ ಕಳೆದಿದ್ದ. ವಿಷಯ ಬೇರೆಯೇ, ಒಪ್ಪುತ್ತೇನೆ. ಆದರೂ ಕಂಪ್ಯೂಟರು ‘ಇವನೇ’ ಅಂದಾಗ, ‘ಯಾರೋ ಒಬ್ಬರು’ ಅಂದಾಗ, ಒಂದು ಕ್ಷಣ ತಡೆದು ನೋಡುವ ಅಭ್ಯಾಸ ನನಗೆ ಆ ಸುದ್ದಿ ಓದಿದಾಗಿನಿಂದ ಗಟ್ಟಿಯಾಯಿತು.

ಹಣದ ವಿಷಯ ಬೇಗ ಮುಗಿಸುತ್ತೇನೆ, ನಿನಗೆ ನನಗಿಂತ ಹೆಚ್ಚು ಗೊತ್ತು. ಇಂಥ ಸೈಟುಗಳ ಲಾಭವಿರುವುದು ಮೊದಲ ತಿಂಗಳ ಹಣದಲ್ಲಲ್ಲ, ಮರೆತು ಬಿಟ್ಟ ಮುಂದಿನ ತಿಂಗಳುಗಳಲ್ಲಿ. ನಮ್ಮ ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ತಾನಾಗಿ ಹಣ ಕಡಿತವಾಗುವ ಮೊದಲು 24 ಗಂಟೆ ಮುಂಚೆ ತಿಳಿಸಬೇಕು ಅಂತ ಮಾಡಿದ್ದು ಈ ಕಾರಣಕ್ಕೆ ದೊಡ್ಡ ಉಪಕಾರ. ಆ ಎಸ್ಸೆಮ್ಮೆಸ್ಸನ್ನು ಹಿರಿಯರು ಓದುವುದಿಲ್ಲ ಅಷ್ಟೇ. ನೀನು ಬಂದಾಗಲೆಲ್ಲ ನಿನ್ನ ಅಜ್ಜಿಯ ಫೋನಿನಲ್ಲಿ ಒಂದು ಸಲ ನೋಡು. ಮೋಸವೇ ಆಗಿದ್ದರೆ 1930ಕ್ಕೆ ಫೋನ್ ಮಾಡಬೇಕು, ಗ್ರಾಹಕನಾಗಿ ತಕರಾರಿದ್ದರೆ 1915. ಎರಡೂ ನಂಬರು ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿದ್ದೇನೆ.

ಹಣಕ್ಕಿಂತ ದೊಡ್ಡದೊಂದು ಹೋಗುತ್ತದೆ, ಅದು ಬಹಳ ಜನರ ಲಕ್ಷ್ಯಕ್ಕೆ ಬರುವುದಿಲ್ಲ. ಹಳೆಯ ಗೆಳೆಯರನ್ನು ಹುಡುಕುವ ಸೈಟು ನಿನ್ನನ್ನು ಏನೇನು ಕೇಳುತ್ತದೆ? ಓದಿದ ಮೊದಲ ಶಾಲೆ, ಹುಟ್ಟಿದ ಊರು, ಪಾಸಾದ ವರ್ಷ, ಹೆಣ್ಣುಮಕ್ಕಳಾದರೆ ತವರುಮನೆಯ ಅಡ್ಡಹೆಸರು. ಈಗ ಪಾಸ್‌ವರ್ಡ್ ಮರೆತಾಗ ಬರುವ ಪ್ರಶ್ನೆಗಳನ್ನು ನೆನಪು ಮಾಡಿಕೋ: ನಿಮ್ಮ ಮೊದಲ ಶಾಲೆ ಯಾವುದು, ನಿಮ್ಮ ತಾಯಿಯ ತವರಿನ ಹೆಸರೇನು. ಅದೇ ಪ್ರಶ್ನೆ, ಅದೇ ಉತ್ತರ! ಗೆಳತಿ ಸಿಗಲಿ ಅಂತ ತುಂಬಿಕೊಟ್ಟ ಫಾರ್ಮು ಕಳ್ಳನ ಕೈಗೆ ಬಿದ್ದರೆ ಬೀಗದ ಕೈ ಕೊಟ್ಟಂತೆಯೇ. ಹಾಗಾಗಿ ಅಂಥ ಸುರಕ್ಷತೆಯ ಪ್ರಶ್ನೆಗಳಿಗೆ ನಿಜ ಉತ್ತರ ಬರೆಯಬೇಡ. ನನ್ನ ಮೊದಲ ಶಾಲೆ ಬ್ಯಾಂಕಿನ ಕಡತದಲ್ಲಿ ಒಂದು ತರಕಾರಿಯ ಹೆಸರಿನಲ್ಲಿದೆ. ಯಾವ ತರಕಾರಿ ಅಂತ ನಿನಗೂ ಹೇಳುವುದಿಲ್ಲ.

ಬಂದ ಮೇಲ್ ನಿಜವೋ ಅಲ್ಲವೋ ಅಂತ ನಿನ್ನ ಅಪ್ಪ ಅಮ್ಮ ಕೇಳಿದರೆ ಏನು ಹೇಳಬೇಕು? ಒಂದೇ ಮಾತು ಹೇಳು: ನಿಮ್ಮನ್ನು ನಿಜವಾಗಿ ಹುಡುಕುವವರು ತಮ್ಮ ಹೆಸರು ಮುಚ್ಚಿಡುವುದಿಲ್ಲ. ‘ನಾನ್ರೀ, ಹಿಂದಿನ ಬೆಂಚಿನ ಇಂಥವನು, ಜ್ಯಾಮಿಟ್ರಿ ಪೆಟ್ಟಿಗೆ ಕದ್ದವನು’ ಅಂತ ಮೊದಲ ಸಾಲಿನಲ್ಲೇ ಹೇಳಿಕೊಳ್ಳುತ್ತಾರೆ, ಗುರುತು ಸಿಗಲಿ ಅಂತ ಇಲ್ಲದ್ದನ್ನೆಲ್ಲ ನೆನಪಿಸುತ್ತಾರೆ. ಮೇಲ್ ಒಳಗಿನ ಗುಂಡಿ ಒತ್ತುವ ಬದಲು ಆ ಸೈಟನ್ನು ತಾವೇ ತೆರೆದು ನೋಡಲಿ. ಅಲ್ಲೂ ಹೆಸರು ತೋರಿಸದಿದ್ದರೆ ಮುಚ್ಚಿಬಿಡಲಿ. ತಾವು ಎಂದೂ ಸೇರಿರದ ಸೈಟಿನ ಮೇಲ್ ಆದರೆ ‘ಅನ್‌ಸಬ್‌ಸ್ಕ್ರೈಬ್’ ಕೂಡ ಒತ್ತುವುದು ಬೇಡ, ಸ್ಪ್ಯಾಮ್ ಅಂತ ಗುರುತು ಹಾಕಲಿ. ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಈ ವಿಳಾಸದಲ್ಲಿ ಜೀವಂತ ಮನುಷ್ಯರಿದ್ದಾರೆ ಅಂತ ಕಳಿಸಿದವನಿಗೆ ನಾವೇ ವರದಿ ಕೊಟ್ಟಂತಾಗುತ್ತದೆ. ಮೇಲ್ ತೆರೆದರೇ ಸಾಕು, ಒಳಗಿನ ಕಣ್ಣಿಗೆ ಕಾಣದ ಸಣ್ಣ ಚಿತ್ರವೊಂದು ಸುದ್ದಿ ಮುಟ್ಟಿಸುತ್ತದೆ ಅಂತ ನೀನೇ ಅಲ್ಲವೇ ನನಗೆ ತೋರಿಸಿಕೊಟ್ಟದ್ದು?

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಕೆಲಸ ಬಿಡು ಅಂತ ಹೇಳುವುದಿಲ್ಲ. ಹಾಗೆ ಹೇಳುವ ಮುದುಕರು ಪೆನ್ಶನ್ ಎಣಿಸುತ್ತ ಹೇಳುತ್ತಾರೆ, ಬಾಡಿಗೆ ಕಟ್ಟುವವರು ನೀವು. ಆದರೆ ಕೆಲಸದೊಳಗೇ ಮಾಡುವಂಥದ್ದು ಬಹಳ ಇದೆ.

‘ಸಬ್ಜೆಕ್ಟ್ ಲೈನ್ ಬರೀ ಕರೆಗಂಟೆ, ಒಳಗೆ ಎಲ್ಲ ಸರಿಯಾಗಿ ಬರೆದಿರುತ್ತೇವೆ’ ಅಂತ ನಿಮ್ಮ ಮ್ಯಾನೇಜರು ಹೇಳುತ್ತಾನಂತೆ. ಅವನಿಗೆ ಅಮೆರಿಕದ ಕಾನೂನನ್ನೇ ಓದಲು ಹೇಳು, ನಿಮ್ಮ ಗಿರಾಕಿಗಳು ಅಲ್ಲಿಯವರೇ ತಾನೇ. 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಸಬ್ಜೆಕ್ಟ್ ಲೈನನ್ನೇ ಬೇರೆಯಾಗಿ ಎತ್ತಿ ಹೇಳುತ್ತದೆ: ಒಳಗಿನ ವಿಷಯದ ಬಗ್ಗೆ ಅದು ದಾರಿ ತಪ್ಪಿಸಬಾರದು. ಒಳಗೆ ಎಷ್ಟು ಸತ್ಯ ತುಂಬಿದರೂ ಹೊರಗಿನ ಸುಳ್ಳಿಗೆ ವಿನಾಯಿತಿ ಇಲ್ಲ. ಬೇಡವೆಂದವರಿಗೆ 10 ಕೆಲಸದ ದಿನಗಳೊಳಗೆ ಮೇಲ್ ನಿಲ್ಲಬೇಕು. ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ಕ್ಕೆ ‘ಡಾರ್ಕ್ ಪ್ಯಾಟರ್ನ್’ಗಳ ಮೇಲೆ ಮಾರ್ಗಸೂಚಿ ತಂದಿದೆ. 13 ಬಗೆಯ ಕುತಂತ್ರಗಳ ಪಟ್ಟಿ ಅದು. ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದವರನ್ನು ನಾಚಿಸುವುದು, ಸೇರುವುದು ಸುಲಭ ಮಾಡಿ ಬಿಡುವುದು ಕಷ್ಟ ಮಾಡುವುದು, ಜಾಹೀರಾತಿಗೆ ಬೇರೆ ವೇಷ ಹಾಕುವುದು, ಪದೇ ಪದೇ ಪೀಡಿಸುವುದು, ಎಲ್ಲ ಇವೆ. ನಿಮ್ಮ ಆಫೀಸಿನ ಗೋಡೆಗೆ ಅಂಟಿಸಿದರೆ ಅರ್ಧ ಆಫೀಸು ಬೆವರುತ್ತದೆ.

ನೀತಿಯ ಮಾತು ಮೀಟಿಂಗಿನಲ್ಲಿ ನಡೆಯುವುದಿಲ್ಲ ಅಂತ ನನಗೂ ಗೊತ್ತು. ನಡೆಯುವ ಮಾತೊಂದಿದೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ, ರಾಶಿಗಟ್ಟಲೆ ಮೇಲ್ ಕಳಿಸುವವರಿಗೆ ಹೊಸ ನಿಯಮ ಮಾಡಿದವು. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರು ಒಂದೇ ಒತ್ತಿಗೆ ಬಿಟ್ಟುಹೋಗುವ ದಾರಿ ಕೊಡಬೇಕು, ತಾವು ಯಾರೆಂಬ ಗುರುತನ್ನು ಖಾತ್ರಿಪಡಿಸಬೇಕು, ಮತ್ತು ಸ್ಪ್ಯಾಮ್ ಎಂಬ ದೂರು ಶೇ. 0.3ಕ್ಕೆ ಮುಟ್ಟಬಾರದು. ಅಂದರೆ ಸಾವಿರ ಜನರಲ್ಲಿ ಮೂವರು ಸಿಟ್ಟಾದರೆ ನಿಮ್ಮ ಮೇಲ್ ಎಲ್ಲರ ಇನ್‌ಬಾಕ್ಸ್‌ನಿಂದಲೂ ಜಾರಬಹುದು. ‘ಹುಡುಕುತ್ತಿದ್ದಾರೆ’ ಅಂತ ತೆರೆಸಿ, ಒಳಗೆ ಹಣದ ಪಟ್ಟಿ ತೋರಿಸಿದರೆ ಮೂರೇ ಜನ ಸಿಟ್ಟಾಗುತ್ತಾರೆಯೇ? ಎಷ್ಟು ಜನ ತೆರೆದರು ಎಂಬ ಅಂಕಿ ಮಾತ್ರ ನೋಡಬೇಡ. ತೆರೆದವರಲ್ಲಿ ಎಷ್ಟು ಜನ ಸ್ಪ್ಯಾಮ್ ಒತ್ತಿದರು, ಹಣ ಕಟ್ಟಿದವರಲ್ಲಿ ಎಷ್ಟು ಜನ ವಾಪಸು ಕೇಳಿದರು, ಎರಡನೆಯ ವರ್ಷಕ್ಕೆ ಎಷ್ಟು ಜನ ಉಳಿದರು, ಅದನ್ನೂ ಪಕ್ಕದಲ್ಲಿ ಇಡು. ಆಗ ಮ್ಯಾನೇಜರು ಕಿವಿಗೊಡುತ್ತಾನೆ. ಅವನಿಗೂ ಮೇಲೊಬ್ಬ ಮ್ಯಾನೇಜರಿದ್ದಾನೆ.

ಬರೆಯುವ ರೀತಿಗೆ ಗುರು ಬೇಕಾದರೆ ದೂರ ಹೋಗಬೇಡ, ಸದಾಶಿವ ಪೇಠೆಯಲ್ಲಿ ಒಂದು ಸುತ್ತು ಹಾಕಿ ಬಾ. ಬಾಗಿಲಿಗೆ ಹಾಕಿದ ಫಲಕಗಳನ್ನು, ಪುಣೇರಿ ಪಾಟಿಗಳನ್ನು, ನೋಡಿ ಊರೆಲ್ಲ ನಗುತ್ತದೆ. ‘ಮಧ್ಯಾಹ್ನ 1ರಿಂದ 4 ಬಂದ್. ಬೆಲ್ ಒತ್ತಬೇಡಿ.’ ‘ವಿಳಾಸ ಕೇಳಬೇಡಿ, ನಮಗೆ ಬೇರೆ ಕೆಲಸವಿದೆ.’ ಒರಟು ಅಂತ ಅನಿಸಬಹುದು, ನಾನೂ ಮೊದಲು ಬಂದಾಗ ಹಾಗೇ ಅಂದುಕೊಂಡಿದ್ದೆ. ಆದರೆ ಓದಿದವನಿಗೆ ಒಳಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಬಾಗಿಲಲ್ಲೇ ಗೊತ್ತಾಗುತ್ತದೆ. ಇಷ್ಟು ವರ್ಷ ಈ ಊರಿನಲ್ಲಿದ್ದೂ ಒಂದು ಪಾಟಿ ನನಗೆ ಸುಳ್ಳು ಹೇಳಿದ್ದಿಲ್ಲ. ‘ನಿಮ್ಮ ಶಾಲೆಯ 1984ನೇ ಸಾಲಿನ 11 ಜನ ಈಗ ನಮ್ಮಲ್ಲಿದ್ದಾರೆ, ಹೆಸರುಗಳು ಕೆಳಗಿವೆ, ಮಾತಾಡಬೇಕಾದರೆ ಚಂದಾ ಇಷ್ಟು’ ಅಂತ ಬರೆದು ನೋಡು. ಕಡಿಮೆ ಜನ ತೆರೆಯುತ್ತಾರೆ, ನಿಜ. ತೆರೆದವರು ಯಾಕೆ ತೆರೆದರು ಅಂತ ಅವರಿಗೂ ಗೊತ್ತಿರುತ್ತದೆ, ನಿನಗೂ.

ಇಷ್ಟೆಲ್ಲ ಹೇಳಿದೆ ಅಂತ ಹಳೆಯವರನ್ನು ಹುಡುಕುವುದೇ ತಪ್ಪು ಅಂದುಕೊಳ್ಳಬೇಡ. ಊರು ಬಿಟ್ಟು ಬಂದವರಿಗೆ ಆ ಹಸಿವು ಇದ್ದದ್ದೇ. ನಾನು ಇಲ್ಲಿಗೆ ಬಂದ ಕಾಲಕ್ಕೆ ಕನ್ನಡ ಮಾತು ಕಿವಿಗೆ ಬಿದ್ದರೆ ಬಸ್ಸಿನಲ್ಲಿ ಎದ್ದು ಹೋಗಿ ‘ಯಾವೂರ್ರೀ?’ ಅಂತ ಕೇಳುತ್ತಿದ್ದೆವು. ಉಡುಪಿ ಹೋಟೆಲಿನ ಗಲ್ಲಾದ ಹತ್ತಿರ ನಿಂತು ಪರಿಚಯ ಮಾಡಿಕೊಳ್ಳುತ್ತಿದ್ದೆವು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ನಾಟಕ ನೋಡಿದ್ದಕ್ಕಿಂತ, ಹೊರಗೆ ನಿಂತು ಯಾರ ಅತ್ತೆಯ ಊರು ಯಾವುದು ಅಂತ ಕೆದಕಿದ್ದೇ ಹೆಚ್ಚು. ಹೀಗೆ ಕೆದಕಿ ಕೆದಕಿಯೇ ನಿನ್ನ ಅಜ್ಜಿಗೆ ಅವಳ ಬಾಲ್ಯದ ಗೆಳತಿ ಕಾತ್ರಜ್‌ನಲ್ಲಿ ಸಿಕ್ಕಿದ್ದು.

ನಮ್ಮ ಕಡೆ ಈಗ ಗುರುವಂದನೆ ಅಂತ ಮಾಡುತ್ತಾರಲ್ಲ, ನೋಡಿದ್ದೀಯಾ? ಇಪ್ಪತ್ತು ಮೂವತ್ತು ವರ್ಷದ ಹಿಂದೆ ಒಟ್ಟಿಗೆ ಎಸ್ಸೆಸ್ಸೆಲ್ಸಿ ಓದಿದವರು ಕೂಡಿ, ಪಾಠ ಹೇಳಿದ ಮಾಸ್ತರರನ್ನೆಲ್ಲ ಶಾಲೆಗೆ ಕರೆತಂದು, ಶಾಲು ಹೊದಿಸಿ, ಊಟ ಹಾಕುತ್ತಾರೆ. ಅದರ ಹಿಂದೆ ಯಾವ ಕಂಪನಿಯೂ ಇಲ್ಲ. ಊರಲ್ಲೇ ಉಳಿದ ಒಬ್ಬ, ಸಾಮಾನ್ಯವಾಗಿ ಕಿರಾಣಿ ಅಂಗಡಿಯವನೋ ಅದೇ ಶಾಲೆಯ ಮಾಸ್ತರನೋ, ಹಳೆಯ ಹಾಜರಿ ಪುಸ್ತಕ ತೆಗೆಸಿ ಒಂದೊಂದೇ ಹೆಸರು ಹಿಡಿದು ಕೂಡುತ್ತಾನೆ. ಇವನ ನಂಬರು ಅವನ ಹತ್ತಿರ, ಅವಳ ನಂಬರು ಅವಳ ಅಣ್ಣನ ಹತ್ತಿರ. ತಿಂಗಳುಗಟ್ಟಲೆ ಫೋನು. ಕೊನೆಗೊಂದು ವಾಟ್ಸಾಪ್ ಗುಂಪು, ಅದರಲ್ಲಿ ಬೆಳಗಿನಿಂದ ರಾತ್ರಿವರೆಗೆ ಹೂವಿನ ಚಿತ್ರ, ಅದನ್ನು ಸಹಿಸಿಕೊಳ್ಳಬೇಕು. ತೀರಿಹೋದವರ ಹೆಸರೂ ಆ ಪಟ್ಟಿಯಲ್ಲಿರುತ್ತದೆ. ಕಾರ್ಯಕ್ರಮದ ಮೊದಲಿಗೆ ಅವರಿಗಾಗಿ ಒಂದು ನಿಮಿಷ ನಿಲ್ಲುತ್ತಾರೆ. ನಿನ್ನ ಸೈಟು ತೀರಿಹೋದವರ ಹೆಸರಿನಲ್ಲೂ ‘ನಿಮ್ಮನ್ನು ಹುಡುಕುತ್ತಿದ್ದಾರೆ’ ಅಂತ ಕಳಿಸಬಲ್ಲದು ಎಂಬುದು ಹೊಳೆದು ನನಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಅದನ್ನು ತಡೆಯುವ ವ್ಯವಸ್ಥೆ ನಿಮ್ಮಲ್ಲಿದೆಯೇ, ಕೇಳಿ ನೋಡು. ಇಲ್ಲದಿದ್ದರೆ ನೀನು ಮೊದಲು ಮಾಡಬೇಕಾದ ಕೆಲಸ ಅದೇ.

ನಮ್ಮ ಸೊಸೈಟಿಯ ಬಾಯಿಯ ಕೆಲಸವೊಂದು ಬಾಕಿಯಿದೆ. ಅವರ ಗೆಳತಿಯ ಹೆಸರು, ಶಾಲೆ, ವರ್ಷ ಎಲ್ಲ ಬರೆದುಕೊಂಡಿದ್ದೇನೆ. ಆ ಊರಿನ ಹೈಸ್ಕೂಲಿನ ಹೆಡ್‌ಮಾಸ್ತರರ ನಂಬರು ನಿನ್ನ ಸೋದರಮಾವನ ಹತ್ತಿರ ಇರಬೇಕು, ಅವನು ಅದೇ ತಾಲ್ಲೂಕಿನಲ್ಲಿ ಬಿಇಒ ಆಫೀಸಿನಲ್ಲಿದ್ದಾನೆ. ಮುಂದಿನ ಭಾನುವಾರ ಬರುವಾಗ ಅವನಿಗೆ ಫೋನ್ ಮಾಡಿ ನಂಬರು ತೆಗೆದುಕೊಂಡು ಬಾ. ಜೊತೆಗೆ ನಿನ್ನ ಲ್ಯಾಪ್‌ಟಾಪೂ ಇರಲಿ, ಬಾಯಿಯ ಕಾರ್ಡಿನ ಮೇಲೆ ಆ ಸೈಟಿನ ಚಂದಾ ಇನ್ನೂ ಚಾಲೂ ಇದೆ, ರದ್ದು ಮಾಡುವ ಗುಂಡಿ ಎಲ್ಲಿ ಅಡಗಿಸಿಟ್ಟಿದ್ದಾರೋ ನನಗೆ ಸಿಗಲಿಲ್ಲ. ನಿಮ್ಮವರ ಕೆಲಸ ನಿನಗೇ ಗೊತ್ತು.

ಇಂತಿ ನಿನ್ನ ಅಜ್ಜ